ಹದಿನೇಳನೆಯ ನಂಬರಿನ ತುಪ್ಪ

ಗುಲಾಬಿಯೇ, ಅಲ್ಲ, ಇನ್ನೂ ಅಲ್ಲ, ಲ್ಯಾಬಿನ ಕಿಟಕಿಯ ಬಿಸಿಲು ಗಾಜಿನ ಕೊಳವೆಯ ಮೇಲೆ ಬಿದ್ದು ಹಾಗೆ ಕಾಣುತ್ತಿರಬೇಕು — ಎರಡು ನಿಮಿಷ ಕುಲುಕಿದ್ದೇನೆ, ಇನ್ನು ಆಮ್ಲ ಕೆಳಗಿಳಿದು ತುಪ್ಪ ಮೇಲೆ ನಿಲ್ಲಬೇಕು, ನಿಲ್ಲಲಿ, ಹೊರಗೆ ಜಯನಗರ ನಾಲ್ಕನೇ ಬ್ಲಾಕಿನ ಬಸ್ಸು ಗೊರಗೊರ ಎನ್ನುತ್ತಿದೆ, ಬಾಟಲಿಯ ಮೇಲೆ ಹೆಸರಿಲ್ಲ, ಬರೀ ಹದಿನೇಳು, ಆದರೆ ಮುಚ್ಚಳ ತೆಗೆದೊಡನೆ ನುಗ್ಗೆಸೊಪ್ಪಿನ ಘಮ, ಸೊಪ್ಪು ಹಾಕಿ ಕಾಯಿಸುವವರು ನೂರು ಜನ ಇದ್ದಾರೆ, ಆದರೂ ಮೂಗಿಗೆ ಗೊತ್ತು, ವಸಂತಪುರದ ಗೋವಿಂದಮ್ಮ, ಹನ್ನೆರಡು ವರ್ಷದಿಂದ ನಮ್ಮ ಮನೆಗೆ ತುಪ್ಪ ಹಾಕುವವಳು, ಎಪ್ಪತ್ತೈದನೇ ಇಸವಿಯಲ್ಲಿ ನನ್ನ ಬಾಣಂತನದ ಅನ್ನಕ್ಕೆ ಬಿದ್ದದ್ದೂ ಅವಳದೇ. ನಿನ್ನೆ ಬೆಳಿಗ್ಗೆ ನಮ್ಮ ಮನೆಯ ಗೇಟಿನ ಹತ್ತಿರ ನಿಂತು, ಚೂಡಮ್ಮ, ಇನ್ಸ್‌ಪೆಕ್ಟ್ರು ನನ್ ತುಪ್ಪಾನೂ ಬಾಟ್ಲಿಗೆ ತುಂಬ್ಕೊಂಡ್ ಹೋದ್ರು, ನೀನಿರೋ ಕಡೆಗೇ ಬರ್ತದಂತೆ ಅಂದಳು, ಹೆದರಿರಲಿಲ್ಲ, ನಗುತ್ತಿದ್ದಳು, ನಾನು, ನಮಗೆ ಹೆಸರು ಗೊತ್ತಾಗಲ್ಲ ಗೋವಿಂದಮ್ಮ, ಬರೀ ನಂಬರು ಬರೋದು ಅಂದೆ, ಅವಳು, ಹಸು ಸತ್ತಿದ್ದು ನಿಂಗೆ ಹೇಳ್ಲೇ ಇಲ್ಲ ಅಲ್ವಾ, ಈಗ ಬೆಣ್ಣೆ ಬೊಮ್ಮನಹಳ್ಳಿ ದಾಸಪ್ಪನ ಹತ್ರ ತರ್ತೀನಿ, ಕಾಯ್ಸೋದು ನಾನೇ — ಕಾಯಿಸುವುದು ಅವಳೇ, ನಿಜ.

ಗುಲಾಬಿ. ಆಮ್ಲದ ಪದರ ಗುಲಾಬಿ, ವನಸ್ಪತಿಗೆ ಎಳ್ಳೆಣ್ಣೆ ಬೆರೆಸಲೇಬೇಕೆಂದು ಸರ್ಕಾರ ಹೇಳಿರುವುದು ಇದಕ್ಕೇ, ತುಪ್ಪದಲ್ಲಿ ವನಸ್ಪತಿ ಸೇರಿದ್ದರೆ ಹೀಗೆ ಕೆಂಪೇರಲಿ ಎಂದು, ಆದರೆ ನೀರು ಹಾಕಿ ನೋಡಬೇಕು, ಸುಳ್ಳು ಬಣ್ಣವಾದರೆ ನೀರಿಗೆ ಹೋಗುತ್ತದೆ, ಐದು ಮಿಲಿ, ಕುಲುಕು, ಹೋಗು, ಹೋಗು — ಹೋಗಲಿಲ್ಲ, ಮೂರನೇ ಸಲವೂ ಹೋಗಲಿಲ್ಲ. ಹಿಂದಿನಿಂದ ನಮ್ಮ ಮುಖ್ಯಸ್ಥರು ಚಕ್ರಪಾಣಿ, ಏನಮ್ಮ, ಇನ್ನೂ ಹದಿನೇಳರಲ್ಲೇ ಇದೀರಾ, ಡೌಟ್ ಇದ್ಯಾ, ಇಲ್ಲ ಸಾರ್ ಅಂದೆ, ಹಾಗಾದ್ರೆ ಬರೀರಿ ಅಂದರು. ನುಗ್ಗೆಸೊಪ್ಪಿನ ವಿಷಯ, ಇದು ಯಾರದೆಂದು ಗೊತ್ತಾದದ್ದು, ಅವರಿಗೆ ಹೇಳಬಹುದಿತ್ತು, ಹೇಳಿದ್ದರೆ ಬಾಟಲಿ ಬೇರೆಯವರ ಕೈಗೆ ಹೋಗುತ್ತಿತ್ತು, ಬಣ್ಣ ಅದೇ ಬರುತ್ತಿತ್ತು, ಬರೆದೆ, ಕಲಬೆರಕೆ, ಕೇಸಾಗುತ್ತದೆ, ಅವಳ ಮೇಲೇ, ದಾಸಪ್ಪನ ಮೇಲಲ್ಲ, ಮಾರಿದವಳು ಅವಳು, ಬೆಣ್ಣೆಯಲ್ಲಿ ಬೆರೆತಿದ್ದು ಅವಳಿಗೆ ಗೊತ್ತಿತ್ತೇ, ಗೊತ್ತಿರಲಿಲ್ಲವೇ, ಅದು ಕೊಳವೆಯಲ್ಲಿ ಕಾಣುವುದಿಲ್ಲ, ನಾಳೆ ಬುಧವಾರ, ತುಪ್ಪ ತರುತ್ತಾಳೆ, ಏನಾಯಿತು ಎಂದು ಕೇಳುವುದಿಲ್ಲ, ಅಳೆಯುವ ಮೊದಲು ಅಂಗೈಯನ್ನು ಬಟ್ಟಲು ಮಾಡಿ, ಒಂದು ಹನಿ ಬಿಟ್ಟುಕೊಂಡು ಚಾಚುತ್ತಾಳೆ, ಯಾವಾಗಲೂ ಹಾಗೆಯೇ, ಗೇಟಿನ ಕಂಬಿಗಳ ನಡುವಿನಿಂದ ಆ ಅಂಗೈ, ಗೆರೆಗಳಲ್ಲಿ ತುಪ್ಪ ಇಳಿದು ಹೊಳೆಯುವ ಅಂಗೈ, ಮೂಸ್ ನೋಡು ಚೂಡಮ್ಮ — ಆ ಅಂಗೈಗೆ ನಾಳೆ ಮೂಗು ಒಡ್ಡಬೇಕು.