ಭಾನುವಾರದ ನೀರು

ಶಾಲೆಯ ಪ್ರಯೋಗಾಲಯದಲ್ಲಿ ಇಪ್ಪತ್ತೊಂಬತ್ತು ವರ್ಷ ಗಾಜಿನ ನಳಿಕೆ ತೊಳೆದು ನಿವೃತ್ತಳಾದವಳಿಗೆ ಮನೆಯಲ್ಲಿ ಕೈಕಟ್ಟಿ ಕೂರುವುದು ಒಗ್ಗಲಿಲ್ಲ. ನದಿಯ ನೀರು ಪರೀಕ್ಷಿಸಲು ಸ್ವಯಂಸೇವಕರು ಬೇಕೆಂದು ಯಾರೋ ಹೇಳಿದ್ದೇ ತಡ, ಹೆಸರು ಬರೆಸಿದಳು. ಜೊತೆಗೆ ನಾದಿನಿಯನ್ನೂ ಎಳೆದುಕೊಂಡಳು. ಊರಾಚೆಯ ದೊಡ್ಡ ಕೋಳಿ ಫಾರಂ ದಾಟಿದ ಮೇಲೆ ಸಿಗುವ ಸೇತುವೆಯ ಬುಡದಲ್ಲಿ ಬುಧವಾರ, ಭಾನುವಾರ ಇಬ್ಬರೂ ನೀರು ಹಿಡಿದು, ಮದ್ದಿನ ಹನಿ ಹಾಕಿ, ಬಣ್ಣ ನೋಡುತ್ತಿದ್ದರು. ಹಳದಿಯಾದರೆ ಕ್ಷೇಮ. ಹಸಿರೇರಿದಷ್ಟೂ ನೀರಿನಲ್ಲಿ ಗಲೀಜು ಹೆಚ್ಚು.

ಬುಧವಾರ ಹಳದಿ, ಭಾನುವಾರ ಕಡುಹಸಿರು. ಹನ್ನೊಂದು ವಾರವೂ ಹೀಗೇ.

"ಅತ್ತಿಗೆ, ನಮ್ಮ ಮದ್ದೇ ಕೆಟ್ಟಿರಬೇಕು," ಎಂದಳು ನಾದಿನಿ.

"ಇವತ್ತು ಯಾವ ವಾರ ಅಂತ ಮದ್ದಿಗೆ ಹೇಗೇ ಗೊತ್ತಾಗುತ್ತೆ?"

ವಾರವಾರದ ಬಣ್ಣ ಬರೆದಿಟ್ಟ ಲೆಕ್ಕದ ಪುಸ್ತಕ ಹಿಡಿದು, ಫಾರಂ ಮೇಲೆ ದೂರು ಕೊಡಲು ಅತ್ತಿಗೆ ಮಾಲಿನ್ಯ ನಿಯಂತ್ರಣ ಇಲಾಖೆಯ ಕಚೇರಿಗೆ ಹೋದಳು. ದೂರು ಕೇಳಿ ಅಧಿಕಾರಿಣಿ ಫಾರಂನ ಮ್ಯಾನೇಜರನನ್ನೂ ಕರೆಸಿದರು. ಅವನು ಪುಸ್ತಕದ ಮೇಲೊಮ್ಮೆ ಕಣ್ಣಾಡಿಸಿ ನಕ್ಕ.

"ಇಲಾಖೆಯವರೇ ನಾಲ್ಕು ಸಲ ನೋಡಿ ಸರಿಯಿದೆ ಅಂದಿದ್ದಾರೆ ಮೇಡಂ. ಈಯಮ್ಮ ಶಾಲೇಲಿ ಶೀಷೆ ತೊಳೀತಿದ್ದವರು."

ಅವಳ ಕಿವಿ ಬಿಸಿಯಾಯಿತು. ಆದರೆ ದನಿ ನಡುಗಲಿಲ್ಲ. "ಹೌದು, ತೊಳೀತಿದ್ದೆ. ಅದಕ್ಕೇ ಕೊಳೆ ಬೇಗ ಗುರುತು ಸಿಗುತ್ತೆ. ಮೇಡಂ, ಆ ನಾಲ್ಕು ಸಲ ಯಾವ್ಯಾವ ವಾರ ಹೋಗಿದ್ರಿ?"

ಅಧಿಕಾರಿಣಿ ಕಡತ ತಿರುವಿದರು. ಸೋಮವಾರ, ಗುರುವಾರ, ಮಂಗಳವಾರ, ಮತ್ತೆ ಗುರುವಾರ.

"ಭಾನುವಾರ ಒಂದ್ಸಲ ಬನ್ನಿ."

"ಭಾನುವಾರ ರಜೆ ಕಣಮ್ಮ."

"ನದಿಗೆ ರಜೆ ಇಲ್ವಲ್ಲ ಮೇಡಂ."

ಅಧಿಕಾರಿಣಿ ಕಡತ ಮುಚ್ಚಿಟ್ಟರು. ಆದರೆ ಆ ಭಾನುವಾರ ಬೆಳಿಗ್ಗೆ, ಯಾರಿಗೂ ಸುಳಿವು ಕೊಡದೆ, ರಬ್ಬರ್ ಬೂಟು ಹಾಕಿಕೊಂಡು ಸೇತುವೆಯ ಹತ್ತಿರ ಬಂದು ನಿಂತಿದ್ದರು. ಮೂವರೂ ಇಪ್ಪತ್ತು ಹೆಜ್ಜೆಗೊಂದು ಬಾಟಲಿ ತುಂಬುತ್ತ ಹರಿವಿಗೆ ಎದುರಾಗಿ ನಡೆದರು. ಹಸಿರು, ಹಸಿರು, ಕಡುಹಸಿರು. ಒಂದು ಜೊಂಡಿನ ಪೊದೆ ದಾಟಿದ್ದೇ ಥಟ್ಟನೆ ಹಳದಿ!

ಅತ್ತಿಗೆ ಸೆರಗು ಸಿಕ್ಕಿಸಿಕೊಂಡು ಪೊದೆಗೆ ನುಗ್ಗಿದಳು. ತೊಡೆ ಗಾತ್ರದ ಪೈಪು. ಮೂಗು ಮುಚ್ಚಿದರೂ ತಡೆಯಲಾಗದ ನಾತ.

ಸುದ್ದಿ ತಿಳಿದ ಮ್ಯಾನೇಜರ್ ಅರ್ಧ ಗಡ್ಡದ ಮೇಲೆ ಸೋಪಿನ ನೊರೆ ಇಟ್ಟುಕೊಂಡೇ ಓಡಿಬಂದ. "ಮೇಡಂ, ಇದು ಹಳೇ ಪೈಪು, ಬಳಕೇಲೇ ಇಲ್ಲ..."

ಮಾತು ಮುಗಿಯುವ ಮುಂಚೆಯೇ ಪೈಪು ಬುಳಬುಳನೆ ಕಂದು ನೀರು ಕಾರಿತು. ನಾದಿನಿ ಬಿದ್ದು ಬಿದ್ದು ನಕ್ಕಳು. ಅಧಿಕಾರಿಣಿ ನಗಲಿಲ್ಲ, ಬಾಟಲಿಗಳಿಗೆ ಮೊಹರು ಹಾಕಿ, ವರದಿಗೆ ಸಾಕ್ಷಿಯಾಗಿ ಸಹಿ ಮಾಡಲು ಪೆನ್ನನ್ನು ಅತ್ತಿಗೆಯ ಕೈಗೇ ಕೊಟ್ಟರು.

ಹತ್ತು ದಿನದೊಳಗೆ ಪೈಪಿನ ಬಾಯಿಗೆ ಕಾಂಕ್ರೀಟು ಬಿತ್ತು. ಕೊಳಚೆ ಶುದ್ಧೀಕರಣದ ತೊಟ್ಟಿ ಕಟ್ಟುವವರೆಗೆ ಹೊಸ ಕೋಳಿ ತರುವಂತಿಲ್ಲ ಎಂದು ಆದೇಶವಾಯಿತು. ನೀರು ಪರೀಕ್ಷೆಗೆ ಹೊಸದಾಗಿ ಹೆಸರು ಬರೆಸಿದವರು ಹದಿನಾಲ್ಕು ಮಂದಿ. ಅವರಲ್ಲಿ ಇಬ್ಬರು ಅದೇ ಫಾರಂನ ಕೆಲಸಗಾರರು.

ಪೈಪು ಮುಚ್ಚಿದ ಮೇಲಿನ ಮೊದಲ ಭಾನುವಾರ ನಳಿಕೆಯನ್ನು ಬಿಸಿಲಿಗೆ ಹಿಡಿದ ನಾದಿನಿ, "ಅತ್ತಿಗೇ, ಹಳದೀ!" ಎಂದು ಕಿರುಚಿದ ರಭಸಕ್ಕೆ ಸೇತುವೆಯ ಮೇಲೆ ಹೋಗುತ್ತಿದ್ದ ಸೈಕಲ್ಲಿನವನು ಗಾಬರಿಯಾಗಿ ಬ್ರೇಕ್ ಹಾಕಿದ.

"ಏನಾಯ್ತಮ್ಮಾ?"

"ಏನಿಲ್ಲಪ್ಪ," ಎಂದಳು ಅತ್ತಿಗೆ, ಮುಖವೆಲ್ಲ ನಗುವಾಗಿ. "ನಾವು ಗೆದ್ವಿ, ಅಷ್ಟೇ."