ಏಳು ಸೆಕೆಂಡಿನ ಬಿಡುವು

ಬಸ್ಸಿನ ಕಿಟಕಿಯ ಧೂಳಿನ ಮೇಲೆ ಯಾರೋ ಬೆರಳಿನಿಂದ ಒಂದು ಗೆರೆ ಎಳೆದಿದ್ದಾರೆ, ಮೇಲಿನಿಂದ ಕೆಳಕ್ಕೆ, ನೇರ, ಆ ಗೆರೆಯ ಸಂದಿನಿಂದ ವೈಜಾಪುರ ಸರಿದು ಹೋಗುತ್ತಿದೆ, ಈರುಳ್ಳಿ ಹೇರಿದ ಟ್ರ್ಯಾಕ್ಟರು, ಬೀಜ ಗೊಬ್ಬರದ ಅಂಗಡಿ, ಮತ್ತೆ ಈರುಳ್ಳಿ ಹೇರಿದ ಟ್ರ್ಯಾಕ್ಟರು — ಒಂದೇ ಬೆರಳು, ಎತ್ತಿ ಹಿಡಿದದ್ದು, ಉಗುರಿನ ಅಂಚಿಗೆ ಒಣಗಿದ ಜೋಳದ ಹಿಟ್ಟು, ತಡೀರಿ ಅನ್ನುವ ಬೆರಳು, ನೆನಪಿಗೆ ಬಂದದ್ದು, ಹೆಂಡತಿ ಮನೋರಮಾಳದು. ಯಶವಂತ ಕಿಟಕಿಯಿಂದ ಕಣ್ಣು ಕಿತ್ತು ಮಡಿಲಲ್ಲಿದ್ದ ಚೀಲವನ್ನು ನೋಡಿದ. ಎರಡು ಜೊತೆ ಬಟ್ಟೆ ಇಟ್ಟುಕೊಂಡಿದ್ದಾನೆ. ಒಂದೇ ಜೊತೆ ಇಟ್ಟರೆ ಸಂಜೆ ಬಸ್ಸಿಗೆ ನಾಸಿಕ್ ರೋಡಿಗೆ ಹಿಂದಿರುಗುವವನಂತೆ ಕಾಣುತ್ತದೆ, ನಾಲ್ಕು ಇಟ್ಟರೆ ಹಕ್ಕು ಸ್ಥಾಪಿಸಲು ಬಂದವನಂತೆ, ಎರಡಾದರೆ ಯಾವ ಕಡೆಗೂ ಆದೀತು, ಮೂವತ್ತಾರು ವರ್ಷ ಬ್ಯಾಂಕಿನಲ್ಲಿ ದುಡಿದವನ ಬುದ್ಧಿ, ಸಹಿ ಹಾಕುವ ಮೊದಲು ತಪ್ಪಿಸಿಕೊಳ್ಳಲು ಒಂದು ಬಾಗಿಲು ತೆರೆದೇ ಇಟ್ಟಿರುತ್ತಾನೆ. ಕೇಳಬೇಕಾದದ್ದು ಒಂದೇ ಮಾತು. ನಾನೂ ಇಲ್ಲೇ ಬಂದು ಇರಲೇನು, ಅಷ್ಟೇ. ಹೆಂಡತಿಗೆ ಕೇಳುವ ಮಾತು, ಪರರಿಗಲ್ಲ. ಎರಡು ವರ್ಷದ ಹಿಂದೆ ಅವಳು ಹೀಗೇ ಇದೇ ಬಸ್ಸು ಹತ್ತಿದ್ದಳು, ವಾಳೂಜಿನಲ್ಲಿ ಕಾರ್ಖಾನೆಯ ಜನಕ್ಕೆ ಭಾಷೆ ಕಲಿಸುವ ಕೆಲಸ, ಸಂಭಾಜಿನಗರದಲ್ಲಿ ಒಂದು ಬಾಡಿಗೆ ಕೋಣೆ, ನಾ ಏನ್ ಬಿಟ್ಟ ಹೊಂಟಿಲ್ರಿ, ಕೆಲಸಾ ಬಂದದ, ಹೊಂಟೀನಿ, ನಿಮಗ ಬರೂದಿದ್ರ ಬರ್ರಿ. ಅಲ್ಲಿ ನನಗೇನ ಕೆಲಸ ಅದ, ಅಂದಿದ್ದ ಇವನು, ಪೇಪರಿನಿಂದ ತಲೆ ಎತ್ತದೆ. ಜಗಳವಿಲ್ಲ, ಅಳು ಇಲ್ಲ, ದೀಪಾವಳಿಗೆ ಬರುತ್ತಾಳೆ, ಇವನಿಗೆ ಜ್ವರ ಬಂದರೆ ಬರುತ್ತಾಳೆ, ಚಟ್ನಿಪುಡಿ ಮಾಡಿಟ್ಟು ಹೋಗುತ್ತಾಳೆ. ಹೋದ ವಾರ ಫೋನಿನಲ್ಲಿ, ಇನ್ನ ಮೂರ ವರ್ಷ ಕೆಲಸಕ್ಕ ಇರ್ತೀರೇನು ಅಂತ ಕೇಳ್ಯಾರ, ಸೋಮವಾರ ಹೇಳಬೇಕು, ನೀವು ಏನಂತೀರಿ. ನಿನ್ನ ಇಷ್ಟ, ಅಂದ. ಅವಳು ಫೋನಿಟ್ಟಳು. ಮಗಳು ಪ್ರಾಚಿ ಪುಣೆಯಿಂದ ಫೋನ್ ಮಾಡಿ ಬೈದಳು, ಅಪ್ಪಾ, ನಿನ್ನ ಇಷ್ಟ ಅಂದ್ರ ಅದು ಆನ್ಸರ್ ಅಲ್ಲ, ತೀ ಪಳವಾಟ್ ಆಹೇ, ಎಸ್ಕೇಪ್. ಮಗಳಿಗೆ ಕನ್ನಡ ಅರ್ಧ ಬರುತ್ತದೆ, ಅಪ್ಪ ಪೂರ್ತಿ ಅರ್ಥವಾಗುತ್ತಾನೆ.

ಬಸ್ಸು ಸ್ಟ್ಯಾಂಡಿನಲ್ಲಿ ನಿಂತಿತು, ದಹಾ ಮಿನಿಟ್, ದಹಾ ಮಿನಿಟ್, ಎಂದು ಕಂಡಕ್ಟರ್ ಕೂಗಿ ಇಳಿದ, ಹತ್ತು ನಿಮಿಷದ ನಿಲುಗಡೆ. ಯಶವಂತ ಇಳಿಯಲಿಲ್ಲ, ಚೀಲದ ಜಿಪ್ಪು ಎಳೆದು ನೋಟ್‌ಬುಕ್ಕು ಮುಟ್ಟಿ ನೋಡಿದ, ಮೂರೂ ಇವೆ, ಕೆಂಪು ರಟ್ಟಿನದು ಜಪಾನಿ, ನೀಲಿಯದು ಜರ್ಮನ್, ಹಸಿರು ಫ್ರೆಂಚ್. ಪ್ರಾಚಿ ಕಾಲೇಜಿಗೆಂದು ಹೊರಟ ವರ್ಷ ಮನೋರಮಾ ಮೂರನ್ನೂ ಒಟ್ಟಿಗೆ ಕಲಿಯಲು ಹಿಡಿದಿದ್ದಳು, ಮಂಗಳವಾರ ಒಂದು, ಗುರುವಾರ ಒಂದು, ಶನಿವಾರ ಒಂದು, ಒಂದs ಕಲಿ ಮಾರಾಯ್ತಿ, ಯಾಕ ತಲಿ ಕೆಡಿಸ್ಕೋತಿ ಅಂದರೆ, ಮೂರು ಮಂದೀ ಸಂಗತೀನಾದ್ರೂ ಮಾತಾಡಿದಂಗ ಆಗ್ತದ ಬಿಡ್ರಿ ಎಂದು ನಗುತ್ತಿದ್ದಳು, ಅದು ನಗು ಮಾತ್ರ ಎಂದುಕೊಂಡಿದ್ದ. ಆ ಕ್ಲಾಸಿನಲ್ಲಿ ಹೋಮ್‌ವರ್ಕ್ ಅಂದರೆ ಸಂಭಾಷಣೆ, ಇಬ್ಬರು ಸೇರಿ ಓದಿ ಫೋನಿನಲ್ಲಿ ರೆಕಾರ್ಡ್ ಮಾಡಿ ಕಳಿಸಬೇಕು, ಜೊತೆಗಾರರಿಲ್ಲದವರು ತಮ್ಮ ಪಾಲಿನದು ಮಾತ್ರ ಓದಿ ಇನ್ನೊಬ್ಬರ ಮಾತಿಗೆ ಏಳು ಸೆಕೆಂಡು ಖಾಲಿ ಬಿಡಬೇಕು. ನೀವು ಬರೇ ಓದ್ರಿ ಸಾಕು, ಕನ್ನಡದಾಗ ಬರದ ಕೊಡ್ತೀನಿ, ಅಂದಿದ್ದಳು ಇವನಿಗೆ. ಈ ವಯಸ್ಸಿನ್ಯಾಗ ಏನ ಹುಚ್ಚು ನಿಂದು, ಅಂದಿದ್ದ. ಆಮೇಲೆ ಕೇಳಲಿಲ್ಲ ಅವಳು. ಅಡುಗೆಮನೆಯ ಕಟ್ಟೆಗೆ ಫೋನು ಒರಗಿಸಿ, ರೊಟ್ಟಿಯ ಹಿಟ್ಟಿನ ಕೈಯಲ್ಲೇ ನಿಂತು, ಏಳೇಳು ಸೆಕೆಂಡು ಗೋಡೆಗೆ ಬಿಡುತ್ತ ಮಾತಾಡುವಳು, ಇವನು ನೀರಿಗೋ ಕನ್ನಡಕಕ್ಕೋ ಒಳಗೆ ಬಂದರೆ ಆ ಬೆರಳು ಮೇಲೇಳುವುದು, ಸಿಟ್ಟಿಲ್ಲ ಅದರಲ್ಲಿ, ತಡೀರಿ ಅಷ್ಟೇ, ಇವನು ಕಾಲ ತುದಿಯಲ್ಲಿ ಹೊರಗೆ ಹೋಗುವನು. ಅವಳು ಹೋದ ಮೇಲೆ ಒಂದು ಭಾನುವಾರ ಅಟ್ಟದ ಡಬ್ಬಿಯಲ್ಲಿ ಬೆಲ್ಲ ಹುಡುಕುವಾಗ ಈ ಮೂರು ಸಿಕ್ಕವು, ಅವಳ ರೆಕಾರ್ಡಿಂಗು ತುಂಬಿದ ಹಳೆಯ ಫೋನೂ ಸಿಕ್ಕಿತು. ಬಲಗಡೆಯ ಪುಟದ ನೆತ್ತಿಯ ಮೇಲೆ ನಾನು ಎಂದು ಬರೆದಿತ್ತು. ಎಡಗಡೆಯ ಪುಟದ ಮೇಲೆ, ಇವರು. ಇವರು ಎಂದರೆ ಇವನು. ಒಂದು ಪುಟವಲ್ಲ ಎರಡಲ್ಲ, ಮೂರೂ ಪುಸ್ತಕದ ತುಂಬ, ಆರು ವರ್ಷದಷ್ಟು, ಇವನ ಪಾಲಿನ ಮಾತನ್ನೆಲ್ಲ ದುಂಡು ದುಂಡು ಕನ್ನಡ ಅಕ್ಷರದಲ್ಲಿ ಬರೆದಿಟ್ಟಿದ್ದಾಳೆ, ಓದುವುದಿಲ್ಲ ಎಂದು ಗೊತ್ತಾದ ಮೇಲೂ. ದೋಕೋ ಕಾರಾ ಕಿಮಾಶಿತಾ ಕಾ, ಎಲ್ಲಿಂದ ಬಂದಿರಿ. ವೋ ವೋನೆನ್ ಜೀ, ಎಲ್ಲಿ ವಾಸ. ಬೆಲ್ಲ ಮರೆತೇ ಹೋಯಿತು ಅವತ್ತು, ಅಟ್ಟದ ಏಣಿಯ ಮೇಲೆ ಕೂತುಬಿಟ್ಟಿದ್ದ, ತನ್ನ ಬಗ್ಗೆ ತನಗೇ ಅಷ್ಟು ನಾಚಿಕೆ ಹಿಂದೆಂದೂ ಆಗಿರಲಿಲ್ಲ.

ಹೊರಟಿತು ಬಸ್ಸು, ಕಿಟಕಿಯ ಗೆರೆ ಈಗ ಬಿಸಿಲಿನಲ್ಲಿ ಬಿಳಿಯಾಗಿದೆ, ಹದಿನಾಲ್ಕು ತಿಂಗಳಿಂದ ಇವನೂ ಕಲಿಯುತ್ತಿದ್ದಾನೆ, ಅವಳಿಗೆ ತಿಳಿಯದ ಹಾಗೆ, ಮೂರೂ ಒಟ್ಟಿಗೆ. ಒಂದೇ ಕಲಿತಿದ್ದರೆ ಆಗುತ್ತಿತ್ತು, ಆದರೆ ಶನಿವಾರ ನಾಲ್ಕು ಗಂಟೆಗೆ ಅವಳು ಎಲ್ಲರಿಗೂ ತೆರೆದ ಕ್ಲಾಸು ನಡೆಸುತ್ತಾಳೆ, ಯಾರು ಬೇಕಾದರೂ ಬಂದು ಕೂರಬಹುದು, ಈ ವಾರ ಯಾವ ಭಾಷೆ ಎಂದು ಕೇಳಿದರೆ ಗುಟ್ಟು ರಟ್ಟಾಗುತ್ತದೆ, ಅದಕ್ಕೇ ಮೂರು. ದಾಡಿ ಮಾಡುವಾಗ ಜಪಾನಿ, ತುಳಸಿಗೆ ನೀರು ಹಾಕುವಾಗ ಜರ್ಮನ್, ಸ್ಟೇಷನ್ನಿನ ತನಕ ವಾಕಿಂಗಿಗೆ ಹೋಗಿ ಬರುವಾಗ ಫ್ರೆಂಚ್, ಕಿವಿಯಲ್ಲಿ ಹಳೆಯ ಫೋನಿನ ವೈರು, ಅವಳ ದನಿ, ಬಿಡುವು, ಬಿಡುವಿನಲ್ಲಿ ಇವನ ದನಿ, ಮತ್ತೆ ಅವಳ ಉತ್ತರ. ಮೊದಮೊದಲು ಏಳು ಸೆಕೆಂಡು ಸಾಲುತ್ತಿರಲಿಲ್ಲ, ಇವನು ಅರ್ಧ ಕೇಳುವುದರೊಳಗೆ ಅವಳು ಪೂರ್ತಿ ಉತ್ತರಿಸಿರುವಳು, ಸಂಸಾರದಲ್ಲಿ ನಡೆದದ್ದಕ್ಕೆ ತದ್ವಿರುದ್ಧ. ಆಮೇಲೆ ಎಲ್ಲ ಕಲಸುಮೇಲೋಗರ, ಫ್ರೆಂಚಿನಲ್ಲಿ ನೀರು ಎನ್ನಲು ಹೋದರೆ ಜಪಾನಿಯ ನೀರು ಬಾಯಿಗೆ ಬರುತ್ತಿತ್ತು, ಅದನ್ನು ತಳ್ಳಿದರೆ ಜರ್ಮನ್ ನೀರು, ಕನ್ನಡದ ನೀರು ಮಾತ್ರ ಸಾಲಿನಲ್ಲೇ ಇರುತ್ತಿರಲಿಲ್ಲ, ಪಾಪ, ಮನೆಯದು ತಾನೇ, ಅದನ್ನು ಯಾರು ಕೇಳುತ್ತಾರೆ. ಮೆಂತ್ಯೆ ಸೊಪ್ಪು ಮಾರುವ ಶಬಾನಾಗೆ ಒಂದು ದಿನ ದಾಂಕೆ ಎಂದು ಜರ್ಮನ್ನಿನಲ್ಲಿ ಥ್ಯಾಂಕ್ಸ್ ಅಂದುಬಿಟ್ಟ, ಕ್ಯಾ ಹುವಾ ಸಾಬ್, ತಬಿಯತ್ ಠೀಕ್ ಹೈ ನಾ, ಎಂದು ಅವಳು ಮೈ ಹುಷಾರಿಲ್ಲವೆಂದುಕೊಂಡು ನಿಂಬೆಹಣ್ಣು ಒಂದು ಹೆಚ್ಚಿಗೆ ಹಾಕಿದಳು. ನೀಲಿ ಪುಸ್ತಕದ ಹತ್ತೊಂಬತ್ತನೆಯ ಪಾಠ, ಅದನ್ನು ಎಷ್ಟು ಸಲ ಕೇಳಿದ್ದಾನೋ ಲೆಕ್ಕವಿಲ್ಲ. ಅದರಲ್ಲಿ ಕೇಳುವವಳು ಅವಳು, ಉತ್ತರಿಸಬೇಕಾದವನು ಇವನು. ವಾಸ್ ಮ್ಯೋಷ್ಟೆನ್ ಜೀ ಟ್ರಿಂಕೆನ್, ಕುಡಿಯಲು ಏನು ಬೇಕು ನಿಮಗೆ, ಎಂದು ಕೇಳಿ ಬಿಡುವು ಬಿಟ್ಟಿದ್ದಾಳೆ, ಒಂದು, ಎರಡು, ಕುಕ್ಕರು ಉಸ್ಸೆನ್ನುತ್ತದೆ, ಮೂರು, ನಾಲ್ಕು, ಆಗ ದೂರದಿಂದ, ಪಡಸಾಲೆಯಿಂದ, ಇವನದೇ ದನಿ, ಚಾ ಆತೇನs ಮನೋರಮಾ. ಒಂದು ಸಣ್ಣ ನಗು, ಅವಳದು, ಮೂಗಿನಲ್ಲೇ, ಆಮೇಲೆ ಐದು, ಆರು, ಏಳು. ಅಷ್ಟು ವರ್ಷದಲ್ಲಿ ಅವಳು ಕೇಳಿದ್ದಕ್ಕೆ ಸರಿಯಾದ ಹೊತ್ತಿಗೆ ಇವನು ಸರಿಯಾಗಿ ಉತ್ತರಿಸಿದ್ದು ಅದೊಂದೇ ಸಲ, ಅದೂ ಗೊತ್ತಿಲ್ಲದೆ, ಪೇಪರು ಓದುತ್ತ. ಅವಳು ಅದನ್ನು ಅಳಿಸಿ ಮತ್ತೆ ಮಾಡಬಹುದಿತ್ತು, ಅಳಿಸಿಲ್ಲ, ಹಾಗೇ ಇಟ್ಟಿದ್ದಾಳೆ. ಕೇಳಲು ಬಂದ ಮಾತನ್ನು ಮಾತ್ರ ಯಾವ ಪುಸ್ತಕದ ಎಡ ಪುಟದಲ್ಲೂ ಬರೆದುಕೊಟ್ಟಿಲ್ಲ, ಅದನ್ನು ತಾನೇ ಕೂಡಿಸಿಕೊಂಡಿದ್ದಾನೆ, ಮೂರರಲ್ಲೂ, ಜರ್ಮನ್ನಿನದು ಡಾರ್ಫ್ ಇಷ್ ಹಿಯರ್ ಬ್ಲೈಬೆನ್, ನಾನು ಇಲ್ಲೇ ಇರಲೇ — ವಾಳೂಜ್, ವಾಳೂಜ್, ಚಲಾ ಉತರಾ ಲವಕರ್, ಕಂಡಕ್ಟರ್ ಗಂಟೆ ಹೊಡೆದ, ಯಶವಂತ ಇಳಿದ, ಕಾಲು ಜೋಮು ಹಿಡಿದಿತ್ತು.

ಔಷಧ ಅಂಗಡಿಯ ಮೇಲಿನ ಮಹಡಿ, ಕಬ್ಬಿಣದ ಮೆಟ್ಟಿಲು, ಒಳಗೆ ಇಪ್ಪತ್ತು ಇಪ್ಪತ್ತೈದು ಜನ, ಶಿಫ್ಟು ಮುಗಿಸಿ ನೇರ ಬಂದವರು, ಕಂಪನಿಯ ಅಂಗಿ, ಎಣ್ಣೆಯ ವಾಸನೆ, ಯಶವಂತ ಹಿಂದಿನ ಬೆಂಚಿನಲ್ಲಿ ಚೀಲ ಕಾಲಡಿ ಇಟ್ಟು ಕೂತ. ಪಕ್ಕದಲ್ಲಿ ಕೂತವನು ಫೋರ್ಕ್‌ಲಿಫ್ಟ್ ಓಡಿಸುತ್ತಾನಂತೆ, ಭುಜಂಗ ಎಂದು ಹೆಸರು ಹೇಳಿಕೊಂಡ, ಕಾಕಾ, ತುಮ್ಹೀ ಪಣ್ ಜರ್ಮನ್, ನೀವೂ ಕಲೀತೀರಾ ಎಂದು ಹಲ್ಲು ಬಿಟ್ಟ, ಹಾಗಾದರೆ ಇವತ್ತು ನೀಲಿ, ಯಶವಂತ ಕೆಂಪು ಹಸಿರನ್ನು ಮನಸ್ಸಿನಲ್ಲೇ ಮಡಿಚಿಟ್ಟ. ಬಾಗಿಲ ಮೇಲೆ ಮೂರು ಭಾಷೆಯಲ್ಲಿ ಚೀಟಿ ಅಂಟಿಸಿದೆ, ಒಳಗೆ ಮರಾಠಿ ಇಲ್ಲ, ಹಿಂದಿ ಇಲ್ಲ, ಯಾವ ಮನೆಮಾತೂ ಇಲ್ಲ. ಬಂದಳು. ಕೂದಲು ಗಿಡ್ಡ ಮಾಡಿಸಿದ್ದಾಳೆ, ಕನ್ನಡಕಕ್ಕೆ ದಾರ ಕಟ್ಟಿದ್ದಾಳೆ, ಬೋರ್ಡಿಗೆ ತಿರುಗಿ ತಾರೀಖು ಬರೆದಳು, ಇತ್ತ ತಿರುಗಿದಳು, ಕಣ್ಣು ಸಾಲಿನಿಂದ ಸಾಲಿಗೆ ಬಂದು ಹಿಂದಿನ ಬೆಂಚಿನಲ್ಲಿ ಅರೆಗಳಿಗೆ ನಿಂತಿತು, ಮುಂದೆ ಹೋಯಿತು, ಗುರುತು ಹಿಡಿದಳೋ ಇಲ್ಲವೋ, ಹಿಡಿಯದೆ ಏನು, ಮೂವತ್ತೆರಡು ವರ್ಷ ಎದುರಿಗಿದ್ದ ಮೀಸೆ. ಎಷ್ಟು ಸರಾಗವಾಗಿ ಮಾತಾಡುತ್ತಾಳೆ, ಎಷ್ಟು ಗಟ್ಟಿಯಾಗಿ, ಇವಳಿಗೆ ಇಷ್ಟು ದೊಡ್ಡ ದನಿ ಇತ್ತೇ, ಮನೆಯಲ್ಲಿ ಇದನ್ನು ಎಲ್ಲಿ ಇಟ್ಟಿದ್ದಳು — ಹೆಮ್ಮೆಯಾಯಿತು, ಅದರ ಬೆನ್ನಿಗೇ ಹೆದರಿಕೆ. ಒಬ್ಬೊಬ್ಬರ ಮುಂದೆ ನಿಂತು ಒಂದೊಂದು ಪ್ರಶ್ನೆ, ಹುಡುಗರು ತಡವರಿಸುತ್ತ ಹೇಳುತ್ತಿದ್ದಾರೆ, ತಾಯಿಯ ಜೊತೆ, ಅಣ್ಣನ ಜೊತೆ, ಕೋಣೆಯಲ್ಲಿ ನಾಲ್ವರು ಗೆಳೆಯರ ಜೊತೆ, ಸಾಲು ಮುಗಿಯಿತು, ಇನ್ನೊಂದು ಮುಗಿಯಿತು, ಭುಜಂಗ ಆಯಿತು, ಎದುರಿಗೆ ಅವಳ ಸೀರೆಯ ಅಂಚು. ಮಿಟ್ ವೇಮ್ ವೋನೆನ್ ಜೀ. ನೀವು ಯಾರ ಜೊತೆ ಇರುತ್ತೀರಿ. ಗೊತ್ತು, ಇದು ಗೊತ್ತು, ಇಪ್ಪತ್ತೆರಡನೆಯ ಪಾಠ, ಎಡ ಪುಟದ ಮೊದಲ ಸಾಲು, ಆದರೆ ಇದು ಇವನ ಸಾಲು, ಇವನು ಕೇಳಬೇಕಾದದ್ದು, ಅವಳೇ ಕೇಳಿಬಿಟ್ಟಳಲ್ಲ, ಹದಿನಾಲ್ಕು ತಿಂಗಳು ಈ ಪಾಠದ ಪ್ರಶ್ನೆಯನ್ನಷ್ಟೇ ಉರು ಹೊಡೆದಿದ್ದಾನೆ, ಉತ್ತರ ಅಂದರೆ ಅವಳ ದನಿ, ಕಿವಿಯಲ್ಲಿ ವೈರಿಲ್ಲದೆಯೂ ಅದು ಬಂದೇ ಬಂತು, ತಪ್ಪದೆ, ಅವಳ ಏರಿಳಿತದ ಸಮೇತ, ಇವನ ಬಾಯಿಂದಲೇ. ಇಷ್ ವೋನೆ ಮಿಟ್ ಮೈನೆಮ್ ಮಾನ್. ಏರ್ ಶ್ಪ್ರಿಷ್ಟ್ ವೇನಿಷ್. ನಾನು ನನ್ನ ಗಂಡನ ಜೊತೆ ಇರುತ್ತೇನೆ. ಅವರು ಮಾತಾಡುವುದು ಕಡಿಮೆ.

ಕ್ಲಾಸು ಗೊಳ್ಳೆಂದು ನಕ್ಕಿತು, ಭುಜಂಗ ಬೆಂಚು ಗುದ್ದಿ ನಗುತ್ತಿದ್ದಾನೆ, ಕಾಕಾ, ಕಾಕಾ, ಗಂಡನ ಜೊತೆ, ಈ ಮೀಸೆ ಇಟ್ಟುಕೊಂಡು, ಯಶವಂತನಿಗೆ ಕಿವಿಯ ತನಕ ಬಿಸಿಯಾಯಿತು, ಕಾಲಡಿಯ ಚೀಲ, ಎರಡು ಜೊತೆ ಬಟ್ಟೆ, ಐದೂವರೆಗೆ ಬಸ್ಸಿದೆ, ತೆರೆದಿಟ್ಟ ಬಾಗಿಲು ಇದೆಯಲ್ಲ, ಎದ್ದುಬಿಡಬಹುದು — ಅವಳು ನಗುತ್ತಿಲ್ಲ. ಅವಳು ಇವನನ್ನೇ ನೋಡುತ್ತಿದ್ದಾಳೆ. ಅದು ಅವಳದೇ ಮಾತು, ಪುಸ್ತಕದ್ದಲ್ಲ, ಪುಸ್ತಕದಲ್ಲಿ ಬೇರೆ ಏನೋ ಇದ್ದದ್ದನ್ನು ಹೊಡೆದುಹಾಕಿ ತಾನೇ ಬರೆದುಕೊಂಡದ್ದು, ಅಡುಗೆಮನೆಯಲ್ಲಿ, ಹಿಟ್ಟಿನ ಕೈಯಲ್ಲಿ, ಗೋಡೆಗೆ ಹೇಳಿದ್ದು, ಅದು ಇಲ್ಲಿಗೆ ಹೇಗೆ ಬಂತೆಂದು ಅವಳಿಗೆ ಹೊಳೆಯುತ್ತಿರುವುದು ಕಾಣುತ್ತಿದೆ, ಕನ್ನಡಕದ ದಾರ ಸಣ್ಣಗೆ ಅಲುಗುತ್ತಿದೆ. ಕೈ ಮೇಲೆದ್ದಿತು. ಒಂದೇ ಬೆರಳು, ನೇರ. ತಡೀರಿ, ಅಂದಳು, ಕನ್ನಡದಲ್ಲಿ, ಅಷ್ಟು ಜನರ ನಡುವೆ, ಬಾಗಿಲ ಮೇಲಿನ ಚೀಟಿಯನ್ನು ಲೆಕ್ಕಿಸದೆ, ಆ ಮಾತು ಯಾವ ಹುಡುಗನಿಗೂ ಅರ್ಥವಾಗದು, ಬೆರಳು ಮಾತ್ರ ಅರ್ಥವಾಗಿ ಎಲ್ಲರೂ ಸುಮ್ಮನಾದರು. ಮತ್ತೆ ಕೇಳಿದಳು, ಮೆಲ್ಲಗೆ, ಮಿಟ್ ವೇಮ್ ವೋನೆನ್ ಜೀ. ಬೆರಳು ಇಳಿಸಲಿಲ್ಲ. ಬಿಡುವು. ಒಂದು, ಎರಡು, ಕೆಳಗಿನ ಅಂಗಡಿಯ ಶಟರು, ಮೂರು, ಯಾರೂ ಚಾ ಕೇಳುತ್ತಿಲ್ಲ, ನಾಲ್ಕು, ಡಾರ್ಫ್ ಇಷ್, ಡಾರ್ಫ್ ಇಷ್, ಕೇಳಲು ಬಂದದ್ದೇ ಅದು, ಮುಂದಿನದು ನಾಲಿಗೆಯ ತುದಿಯಲ್ಲಿದೆ, ಐದು, ಬೆರಳು, ಉಗುರಿನ ಅಂಚಿಗೆ ಬಿಳಿ, ಹಿಟ್ಟಲ್ಲ, ಸೀಮೆಸುಣ್ಣ, ಆರು, ಏಳು, ಮುಗಿಯಿತು, ಏಳಕ್ಕೆ ಯಾವಾಗಲೂ ಮುಗಿಯುತ್ತದೆ, ಅವಳು ಮುಂದಿನ ಸಾಲಿಗೆ ಹೋಗುತ್ತಾಳೆ — ಎಂಟು, ಬೆರಳು ಇಳಿದಿಲ್ಲ, ಒಂಬತ್ತು, ಬೆರಳು ಹಾಗೇ ಇದೆ.