ಒಂದು ‘ಅಂತೆ’

“ನನ್ನ ಹೆಂಡತಿ ಆಗ ತುಂಬು ಬಸುರಿ,” ಎಂದಳು ಗುಳಿಗೆಯಕ್ಕ ಮೈಕಿನಲ್ಲಿ.

ಚರ್ಚಿನ ಸಭೆಯಲ್ಲಿ ಒಬ್ಬರೂ ನಗಲಿಲ್ಲ. ಹಿಂದಿನ ಬೆಂಚಿನಲ್ಲಿದ್ದ ಹೊಸಬರು ಯಾರೋ ಗಾಬರಿಯಿಂದ ತಲೆ ಎತ್ತಿದರು, ಅಷ್ಟೆ. ಉಳಿದವರಿಗೆ ಅಭ್ಯಾಸವಾಗಿಹೋಗಿತ್ತು. ಪರಭಾಷೆಯ ಬೋಧಕರು ಬಂದಾಗಲೆಲ್ಲ ಅವರ ಎಡಕ್ಕೆ ನಿಂತು, ಒಂದೊಂದೇ ವಾಕ್ಯವನ್ನು ಮನೆಮಾತಿಗೆ ತಿರುಗಿಸಿ ಹೇಳುವವಳು ಇವಳೇ. ಅವರು ‘ನಾನು’ ಎಂದರೆ ಇವಳೂ ‘ನಾನು’. ಹಾಗೆ ನೋಡಿದರೆ ಆ ವೇದಿಕೆಯ ಮೇಲೆ ಅವಳು ಕುಡಿತ ಬಿಟ್ಟಿದ್ದಳು, ಹಡಗು ಒಡೆದು ಈಜಿ ದಡ ಸೇರಿದ್ದಳು, ಒಮ್ಮೆ ಗಡ್ಡ ಬೋಳಿಸಿಕೊಳ್ಳುತ್ತಿರುವಾಗ ದೇವರ ಕರೆಯನ್ನೂ ಕೇಳಿದ್ದಳು.

ವಾರದ ದಿನಗಳಲ್ಲಿ ಔಷಧಿ ಅಂಗಡಿಯ ಕೌಂಟರಿನ ಹಿಂದೆ ನಿಲ್ಲುತ್ತಿದ್ದಳಾದ್ದರಿಂದ ಆ ಹೆಸರು. ಅಲ್ಲೂ ಇಲ್ಲೂ ಅವಳ ನಿಯಮ ಒಂದೇ. ಚೀಟಿಯಲ್ಲಿ ಬರೆದದ್ದನ್ನು ಕೊಡಬೇಕು, ಸ್ವಂತ ಬುದ್ಧಿ ಬೆರೆಸಬಾರದು. “ನನ್ನ ಹೆಂಡ್ತಿ ಮನೇಲಿ ಗುಡುಗು, ಚರ್ಚಲ್ಲಿ ಪ್ರತಿಧ್ವನಿ,” ಎಂದು ಅವಳ ಗಂಡ ಕಂಡಕಂಡವರ ಮುಂದೆ ರೇಗಿಸುತ್ತಿದ್ದ. ಅವಳು ಅದನ್ನು ಹೊಗಳಿಕೆ ಎಂದೇ ತೆಗೆದುಕೊಂಡಿದ್ದಳು.

ಆ ಭಾನುವಾರ ಸಭಾಪಾಲಕರು ರಜೆಯಲ್ಲಿದ್ದರು. ಅವರ ಬದಲು ಬಂದ ಅತಿಥಿ ಬೋಧಕರು ಉದ್ದನೆಯ, ತೆಳ್ಳನೆಯ ಮನುಷ್ಯ. ವಾಕ್ಯ ಮುಗಿಸಿ ಸರಿಯಾಗಿ ನಿಲ್ಲುತ್ತಿದ್ದರು, ಇವಳು ಹೇಳಿ ಮುಗಿಸುವವರೆಗೆ ಇವಳ ಮುಖವನ್ನೇ ನೋಡುತ್ತಿದ್ದರು. ಕೆಲವು ಬೋಧಕರಿಗೆ ದುಭಾಷಿ ಎಂದರೆ ಪಕ್ಕದಲ್ಲಿರುವ ಕಂಬ, ಇವರು ಹಾಗಲ್ಲ. ಅವಳಿಗೆ ಹಿಡಿಸಿದ್ದರು.

ಅಂದಿನ ಪ್ರಸಂಗ ಬೈಬಲಿನ ನೆಹೆಮೀಯನದು. ತನ್ನ ಪಟ್ಟಣದ ಗೋಡೆ ಕೆಡವಲ್ಪಟ್ಟಿದೆ, ಬಾಗಿಲುಗಳು ಸುಟ್ಟುಹೋಗಿವೆ ಎಂದು ಕೇಳಿ ಅತ್ತವನು, ಆಮೇಲೆ ಜನರನ್ನು ಸೇರಿಸಿ ಆ ಗೋಡೆ ಕಟ್ಟಿಸಿದವನು. ಹೆಂಡತಿ, ಬಸಿರು, ಸೋರುವ ಬಾಡಿಗೆ ಮನೆ, ಎಲ್ಲವನ್ನೂ ದಾಟಿ ಬೋಧಕರು ಗೋಡೆಗೆ ಬಂದರು. ಗೋಡೆಯಿಂದ ಚರ್ಚಿನ ಹಿಂದಿನ ಬೀದಿಗೆ ಬಂದರು.

ಹಿಂದಿನ ಬೀದಿಯಲ್ಲಿ ಮುಚ್ಚಿಹೋದ ಟೈಪಿಂಗ್ ಶಾಲೆಯ ಕಟ್ಟಡವೊಂದಿತ್ತು. ಸೆರೆಮನೆಯಿಂದ ಬಿಡುಗಡೆಯಾಗಿ ಹೋಗಲು ನೆಲೆಯಿಲ್ಲದವರಿಗೆ ಅಲ್ಲೊಂದು ವಸತಿ ಮನೆ ತೆರೆಯುವುದೆಂದು ಪುರಸಭೆ ತೀರ್ಮಾನಿಸಿತ್ತು. ಸುತ್ತಲಿನವರು ಬೇಡವೆಂದರೆ ಕೈಬಿಡುತ್ತೇವೆ ಎಂದೂ ಹೇಳಿತ್ತು. ಬೇಡ ಎನ್ನುವ ಕಾಗದವನ್ನು ಸಭೆಯ ಹಿರಿಯರೊಬ್ಬರು ಬರೆಸಿ, ಬಾಗಿಲ ಬಳಿ ಮೇಜಿನ ಮೇಲೆ ಪೆನ್ನಿನ ಸಮೇತ ಇಟ್ಟಿದ್ದರು. ಬೆಳಗಿನ ತಿಂಡಿಯ ಹೊತ್ತಿಗೆ ಅತಿಥಿಗಳ ಕಿವಿಗೂ ಹಾಕಿದ್ದರು. ಹಿರಿಯರು ಕೆಟ್ಟವರೇನಲ್ಲ. ಅವರ ಮೊಮ್ಮಕ್ಕಳು ಸಂಗೀತ ಪಾಠಕ್ಕೆ ಹೋಗುವುದು ಆ ಬೀದಿಯಲ್ಲೇ.

ಗುಳಿಗೆಯಕ್ಕನ ತಮ್ಮ ಬರುವ ತಿಂಗಳು ಆ ಮನೆಗೆ ಬರಬೇಕಾದವನು. ಲಾರಿ ಓಡಿಸುತ್ತಿದ್ದ. ಕುಡಿದು ಓಡಿಸಿದ ಒಂದು ದಿನ ರಸ್ತೆ ದಾಟುತ್ತಿದ್ದವರೊಬ್ಬರು ಸತ್ತರು. ಸಭೆಯಲ್ಲಿ ಯಾರಾದರೂ ತಮ್ಮನ ಬಗ್ಗೆ ಕೇಳಿದರೆ ಅವಳು “ದೂರದಲ್ಲಿದಾನೆ” ಎನ್ನುತ್ತಿದ್ದಳು. ಕಳೆದ ಸಲ ನೋಡಲು ಹೋದಾಗ ಅವನು ಜಾಲರಿಯ ಆಚೆಯಿಂದ ಹೇಳಿದ್ದ: “ನಿಮ್ಮನೆಗೆ ಬರಲ್ಲ ಅಕ್ಕ. ಭಾವ ಒಳ್ಳೆಯವರು, ಅದಕ್ಕೇ ಬರಲ್ಲ. ಆ ಮನೆ ಆಗದಿದ್ರೆ ಲಾರಿ ಶೆಡ್ಡು ಇದ್ದೇ ಇದೆ.” ಶೆಡ್ಡೆಂದರೆ ಹಳೆಯ ಗೆಳೆಯರು, ಹಳೆಯ ಬಾಟಲಿ. ಅದು ಇಬ್ಬರಿಗೂ ಗೊತ್ತಿತ್ತು.

“ಪಕ್ಕದ ಪಟ್ಟಣದಲ್ಲಿ ಇಂಥದೇ ಮನೆ ತೆರೆದ ಮೇಲೆ ಮಕ್ಕಳು ಬೀದಿಗೆ ಇಳಿಯುವುದನ್ನೇ ಬಿಟ್ಟರು,” ಎಂದು ಬೋಧಕರು ತಮ್ಮ ಭಾಷೆಯಲ್ಲಿ ಹೇಳಿ ನಿಂತರು.

ಮಾತು ಬಾಯಲ್ಲಿ ಬಿಸಿತುಪ್ಪವಾಯಿತು. ನುಂಗುವಂತಿಲ್ಲ, ಉಗುಳುವಂತಿಲ್ಲ. “ಪಕ್ಕದ ಪಟ್ಟಣದಲ್ಲಿ ಇಂಥದೇ ಮನೆ ತೆರೆದ ಮೇಲೆ,” ಎಂದು ಶುರುಮಾಡಿದವಳು, “ಮಕ್ಕಳು ಬೀದಿಗೆ ಇಳಿಯುವುದನ್ನೇ ಬಿಟ್ಟರಂತೆ,” ಎಂದು ಮುಗಿಸಿದಳು.

ಅದು ಬೇಕೆಂದು ಹೇಳಿದ್ದಲ್ಲ, ಜಾರಿದ್ದು. ಆದರೆ ಬೆಂಚುಗಳ ಮೇಲೆ ಕಿವಿಗಳು ನೆಟ್ಟಗಾದವು. ಇಷ್ಟು ವರ್ಷದಲ್ಲಿ ಈ ವೇದಿಕೆಯಿಂದ ಯಾರೂ ಕೇಳಿರದ ಮಾತು ಅದು. ಪ್ರತಿಧ್ವನಿ ಎಲ್ಲಾದರೂ ‘ಅಂತೆ’ ಎನ್ನುತ್ತದೆಯೇ?

“ಅಲ್ಲಿಗೆ ಬರುವವರು ತಿದ್ದಿಕೊಳ್ಳುವ ಜನರಲ್ಲ,” ಎಂದರು ಬೋಧಕರು.

“ಅಲ್ಲಿಗೆ ಬರುವವರು ತಿದ್ದಿಕೊಳ್ಳುವ ಜನರಲ್ಲವಂತೆ.” ಇದು ಜಾರಿದ್ದಲ್ಲ, ಇಟ್ಟದ್ದು.

“ಅಂತೆ ಕಂತೆ ಸಂತೆ,” ಎಂದು ಯಾರೋ ಮೆಲ್ಲಗೆ ಗೊಣಗಿದರು. ನಗು ಒಂದು ಬೆಂಚಿನಿಂದ ಇನ್ನೊಂದಕ್ಕೆ ಹರಿಯಿತು. ತಮಾಷೆಯೇ ಇಲ್ಲದ ಕಡೆ ಜನ ನಕ್ಕದ್ದನ್ನು ಕಂಡು ಬೋಧಕರು ನಿಂತರು. ಮೈಕಿಗೆ ಅಂಗೈ ಅಡ್ಡ ಹಿಡಿದು ಅವಳತ್ತ ಬಾಗಿದರು. ಅವರ ಮುಖದಲ್ಲಿ ಸಿಟ್ಟಿರಲಿಲ್ಲ. ಹೊಸ ಬಗೆಯ ಬೀಗವನ್ನು ಕಂಡ ಬೀಗದವನ ಕುತೂಹಲವಿತ್ತು.

“ಏನು ಸೇರಿಸಿದಿರಿ?”

“ಒಂದು ಚಿಕ್ಕ ಮಾತು. ನಿಮ್ಮ ಭಾಷೆಯಲ್ಲಿ ಅದಿಲ್ಲ.”

“ಅರ್ಥ?”

“ನಾನು ಕಂಡದ್ದಲ್ಲ, ಕೇಳಿದ್ದು ಎಂದು.”

“ಹಾಗಾದರೆ ಸುಳ್ಳು ಎಂದೇ?”

“ಅಲ್ಲ, ಸುಳ್ಳಿಗೆ ಬೇರೆ ಮಾತಿದೆ. ಇದು ಹೊಸಿಲ ಮೇಲೆ ನಿಂತ ಹಾಗೆ. ಒಳಗೂ ಇಲ್ಲ, ಹೊರಗೂ ಇಲ್ಲ.”

“ಏನಂತಮ್ಮಾ?” ಮುಂದಿನ ಬೆಂಚಿನ ಅಜ್ಜಿ ಕೂಗಿದಳು. ಅವಳಿಗೆ ಕಿವಿ ಮಂದ, ಬಾಯಿ ಚುರುಕು. “ಇಬ್ಬರೇ ಏನು ಪಿಸಪಿಸ ಅಂತೀರಿ? ನಮಗೂ ಹೇಳು!”

“‘ಅಂತೆ’ ಅಂದ್ರೆ ಏನು ಅಂತ ಕೇಳ್ತಿದಾರೆ ಅಜ್ಜಿ.”

“ಅಯ್ಯೋ, ಅಷ್ಟೂ ಗೊತ್ತಿಲ್ವಂತಾ?”

ಈ ಸಲ ನಗು ಜೋರಾಗಿಯೇ ಬಂತು. ಎರಡೂ ಭಾಷೆ ಬಲ್ಲ ಹಿರಿಯರು ಮಾತ್ರ ನಗಲಿಲ್ಲ. ಎದ್ದು ನಿಂತರು. “ತಂಗೀ, ಅವರು ಹೇಳಿದ್ದಷ್ಟು ಹೇಳಮ್ಮ. ನಿನ್ನ ಒಗ್ಗರಣೆ ಬೇಡ.”

ಬೋಧಕರು ಅವರಿಗೆ ಕೂರುವಂತೆ ಕೈಸನ್ನೆ ಮಾಡಿದರು. ಅವರ ತಲೆಯಲ್ಲಿ ಬೇರೇನೋ ಓಡುತ್ತಿತ್ತು. “ಮೊದಲ ಪ್ರಾರ್ಥನೆಯಲ್ಲಿ ನಾನು, ಕ್ರಿಸ್ತನು ಸಮಾಧಿಯಿಂದ ಎದ್ದನು ಎಂದೆ. ಅಲ್ಲೂ ಈ ಮಾತು ಸೇರಿಸಿದಿರಾ?”

“ಇಲ್ಲ.”

“ಸಮಾಧಿಯ ಹತ್ತಿರ ನೀವಿರಲಿಲ್ಲವಲ್ಲ?”

“ಇರಲಿಲ್ಲ.”

“ಮತ್ತೆ?”

ನಿಜಕ್ಕೂ ತಿಳಿಯಬೇಕೆಂದೇ ಅವರು ಕೇಳಿದ್ದು. ಅದೇ ಅವಳನ್ನು ಕಂಗೆಡಿಸಿತು. ಗದರಿದ್ದರೆ ಕ್ಷಮೆ ಕೇಳಿ ಮುಂದೆ ಹೋಗಬಹುದಿತ್ತು. ‘ಎದ್ದನಂತೆ’ ಎಂದು ಮನಸ್ಸಿನಲ್ಲೇ ಒಮ್ಮೆ ಹೇಳಿ ನೋಡಿದಳು. ನಾಲಿಗೆ ಒಪ್ಪಲಿಲ್ಲ. ಯಾಕೆ ಒಪ್ಪಲಿಲ್ಲ? ಇಷ್ಟು ವರ್ಷ ಇಷ್ಟು ಮಂದಿಯ ನಂಬಿಕೆಯನ್ನು ಬಾಯಲ್ಲಿ ಹೊತ್ತವಳು, ತನ್ನದನ್ನು ಒಮ್ಮೆಯೂ ಹೀಗೆ ತಿರುವಿ ನೋಡಿರಲಿಲ್ಲ. ಅವಳಿಗೆ ಭಯವಾಯಿತು, ಭಯದ ಜೊತೆಗೆ ವಿಚಿತ್ರವಾದೊಂದು ಖುಷಿಯೂ ಆಯಿತು.

“ಅದನ್ನು ನಿಜವೆಂದು ಹಿಡಿದು ನಾನು ಬದುಕಿದ್ದೇನೆ,” ಎಂದಳು ನಿಧಾನವಾಗಿ, ಅವರ ಭಾಷೆಯಲ್ಲೇ. “ಅದು ತಪ್ಪಾದರೆ ನಷ್ಟ ನನ್ನದು. ಇದು ತಪ್ಪಾದರೆ ನಷ್ಟ ಬೇರೆಯವರದು.”

“ಯಾರದು?”

ಅವಳು ಅವರ ಅಂಗೈಯ ಕೆಳಗಿಂದ ಮೈಕನ್ನು ತನ್ನತ್ತ ಎಳೆದುಕೊಂಡಳು.

“ನನ್ನ ತಮ್ಮ ಜೈಲಲ್ಲಿದಾನೆ,” ಎಂದಳು ಮನೆಮಾತಿನಲ್ಲಿ. “ಬರೋ ತಿಂಗಳು ಬಿಡ್ತಾರೆ. ಹಿಂದಿನ ಬೀದಿ ಮನೆಗೇ ಬರ್ತಾನೆ, ನೀವು ಬಿಟ್ರೆ.”

ಎಲ್ಲರೂ ಬೋಧಕರತ್ತ ತಿರುಗಿದರು. ಇಂಥ ಸಭ್ಯ ಮನುಷ್ಯನಿಗೆ ಇಂಥ ತಮ್ಮನೇ ಎಂಬ ಮರುಕ ಹಲವರ ಮುಖದಲ್ಲಿತ್ತು. ಬೋಧಕರು ಏನೂ ತಿಳಿಯದೆ ಮುಗುಳ್ನಕ್ಕರು.

“ಪಾಪ, ಅವರ ತಮ್ಮನಾ?” ಎಂದಳು ಅಜ್ಜಿ.

“ಅಲ್ಲ ಅಜ್ಜಿ. ನನ್ನ ತಮ್ಮ. ನನ್ನವನೇ.” ಅವಳು ಎದೆಯ ಮೇಲೆ ಕೈಯಿಟ್ಟು ತೋರಿಸಿದಳು. “ನಾನೇ ಹೇಳ್ತಿರೋದು ಇದು, ಅವರಲ್ಲ. ಅವನು ಮಾಡಿದ್ದು ತಪ್ಪೇ. ಒಬ್ಬರ ಜೀವ ಹೋಗಿದೆ, ಅದನ್ನ ಇಲ್ಲ ಅನ್ನಲ್ಲ. ಆದ್ರೆ ತಿದ್ಕೊಳ್ಳೋ ಜನ ಅಲ್ಲ ಅನ್ನೋದನ್ನ ನನ್ನ ಬಾಯಿಂದ ನಾನು ಹೇಳಲಾರೆ.”

ಆಮೇಲೆ ತಿರುಗಿ, ತಾನು ಹೇಳಿದ್ದನ್ನೆಲ್ಲ ಬೋಧಕರಿಗೆ ಅವರ ಭಾಷೆಯಲ್ಲಿ ಹೇಳಿದಳು, ಒಂದಕ್ಷರ ಬಿಡದೆ. ಅಭ್ಯಾಸಬಲ.

ಬೋಧಕರು ಸತ್ಯವೇದದ ಹಾಳೆಗಳನ್ನು ಹಿಂದಕ್ಕೂ ಮುಂದಕ್ಕೂ ಮಗುಚಿದರು. ಎರಡನೆಯ ಅಧ್ಯಾಯದ ಮೇಲೆ ಬೆರಳಿಟ್ಟು ಮಾತು ಮುಂದುವರಿಸಿದರು. ಅವಳು ಹಿಂದಿನಂತೆಯೇ ಹೇಳುತ್ತಾ ಹೋದಳು: “ನೆಹೆಮೀಯನು ಮೊದಲು ಕೇಳಿದನು. ಕೇಳಿ ಅತ್ತನು. ಆಮೇಲೆ ಕಟ್ಟಿದನು. ಆದರೆ ಇವೆರಡರ ನಡುವೆ ತಾನೇ ಹೋಗಿ, ಗೋಡೆಯನ್ನು ಸುತ್ತಿ, ಕಣ್ಣಾರೆ ನೋಡಿ ಬಂದನು. ನಾನು ಇಂದು ಆ ಅಧ್ಯಾಯವನ್ನು ಹಾರಿಸಿಬಿಟ್ಟೆ. ನಾನು ಕೇಳಿದ್ದು ತಿಂಡಿಯ ಮೇಜಿನಲ್ಲಿ. ಪ್ರಾರ್ಥಿಸೋಣ.”

ಜನ ಹೊರಬಿದ್ದರು. ಕಾಗದಕ್ಕೆ ಕೆಲವರು ಸಹಿ ಹಾಕಿದರು, ಕೆಲವರು ಪೆನ್ನು ಎತ್ತಿ ಮತ್ತೆ ಇಟ್ಟರು, ಕೆಲವರು ಆ ಮೇಜೇ ಕಾಣದವರಂತೆ ಚಪ್ಪಲಿ ಹುಡುಕಿದರು. ಗುಳಿಗೆಯಕ್ಕ ಎಣಿಸಲು ಹೋಗಲಿಲ್ಲ. ಅಜ್ಜಿ ಅವಳ ಮೊಣಕೈ ಹಿಡಿದು, “ಅಣ್ಣನೋ ತಮ್ಮನೋ, ಹೊಟ್ಟೆಗೆ ಸರಿಯಾಗಿ ತಿಂತಾನೋ ಇಲ್ವೋ?” ಎಂದು ಕೇಳಿದಳು. ಉತ್ತರ ಕೇಳಿಸಿತೋ ಇಲ್ಲವೋ, ತಲೆಯಾಡಿಸುತ್ತಾ ಹೋದಳು. ಹಿರಿಯರು ಹತ್ತಿರ ಬಂದರು.

“ಮೊದಲೇ ನನ್ನ ಹತ್ರ ಹೇಳಬಹುದಿತ್ತಲ್ಲಮ್ಮ.”

“ಹೇಳಿದ್ರೆ ಕಾಗದ ಬರೆಸ್ತಿರಲಿಲ್ವಾ ಅಣ್ಣ?”

ಅವರು ಯೋಚಿಸಿದರು. “ಬರೆಸ್ತಿದ್ದೆ,” ಎಂದರು, ಪ್ರಾಮಾಣಿಕವಾಗಿಯೇ.

ಅಷ್ಟರಲ್ಲಿ ಬೋಧಕರು ಕೋಟು ತೋಳಿನ ಮೇಲೆ ಹಾಕಿಕೊಂಡು ಬಂದರು. ರೈಲಿಗೆ ಇನ್ನೂ ಹೊತ್ತಿದೆ, ಆ ಮನೆ ತೋರಿಸಿ ಎಂದರು. ಮೂವರೂ ನಡೆದೇ ಹೋದರು. ಹಿರಿಯರು ಎರಡು ಹೆಜ್ಜೆ ಹಿಂದೆ, ಕಾರಿನ ಕೀಲಿಯನ್ನು ಬೆರಳಿಗೆ ಸುತ್ತಿಸುತ್ತಾ ಬರುತ್ತಿದ್ದರು.

ಟೈಪಿಂಗ್ ಶಾಲೆಯ ಬೋರ್ಡು ಇಳಿದಿತ್ತು, ಮೊಳೆಗಳು ಉಳಿದಿದ್ದವು. ಕಬ್ಬಿಣದ ಗೇಟಿನ ಒಳಗೆ ನಡುವಯಸ್ಸಿನವನೊಬ್ಬ ಸ್ಟೂಲಿನ ಮೇಲೆ ನಿಂತು ಬಾಗಿಲ ಚೌಕಟ್ಟಿಗೆ ಹಸಿರು ಬಣ್ಣ ಹಚ್ಚುತ್ತಿದ್ದ. ಬೋಧಕರು ಗೇಟಿನ ಈಚೆಯಿಂದಲೇ ಕೇಳಿದರು. ಅವಳು ತಿರುಗಿಸಿ ಹೇಳಿದಳು.

“ಇಲ್ಲಿ ಯಾರಿರುತ್ತಾರೆ?”

“ಇನ್ನೂ ಯಾರೂ ಬಂದಿಲ್ಲ ಸಾರ್. ಸದ್ಯಕ್ಕೆ ನಾನೊಬ್ಬನೇ.”

“ಬಣ್ಣದ ಕೆಲಸ ಚೆನ್ನಾಗಿ ಮಾಡುತ್ತೀರಿ. ಎಲ್ಲಿ ಕಲಿತಿರಿ?”

ಅವನು ಕುಂಚವನ್ನು ಡಬ್ಬಿಯ ಅಂಚಿಗೆ ಒರೆಸಿದ. ಬಂದವರ ಬಟ್ಟೆಬರೆ ನೋಡಿದ. ಮುಚ್ಚಿಟ್ಟು ಆಗಬೇಕಾದ್ದೇನಿದೆ ಎಂಬಂತೆ, “ಜೈಲಲ್ಲಿದ್ದೆ,” ಎಂದ.

ಗುಳಿಗೆಯಕ್ಕ ಬೋಧಕರತ್ತ ತಿರುಗಿದಳು. ಎಂದಿನಂತೆಯೇ, ಅವನ ಮಾತನ್ನು ತನ್ನ ಮಾತಾಗಿ, ಅವರ ಭಾಷೆಯಲ್ಲಿ ಹೇಳಿದಳು:

“ನಾನು ಸೆರೆಮನೆಯಲ್ಲಿದ್ದೆನು.”

ಹೇಳಿ ಮುಂದಿನ ಪ್ರಶ್ನೆಗೆ ಕಾದಳು. ಬೋಧಕರು ಪ್ರಶ್ನೆಯ ಬದಲು, ಸತ್ಯವೇದದಲ್ಲಿ ಯೇಸು ಹೇಳಿದ ಆ ಮಾತಿನ ಉಳಿದರ್ಧವನ್ನು ತಮ್ಮಷ್ಟಕ್ಕೇ ಹೇಳಿಕೊಂಡರು: “ನನ್ನನ್ನು ನೋಡಲು ಬಂದಿರಿ.” ಹಿಂದೆ ಕೀಲಿಯ ಸದ್ದು ನಿಂತಿತ್ತು.

ಬಣ್ಣದವನು ಒಬ್ಬರ ಮುಖದಿಂದ ಇನ್ನೊಬ್ಬರ ಮುಖಕ್ಕೆ ನೋಡಿದ. ಆಮೇಲೆ ಸ್ಟೂಲಿನಿಂದ ಇಳಿದು, ಕೈಯನ್ನು ಪ್ಯಾಂಟಿಗೆ ಒರೆಸಿಕೊಂಡು ಬಂದು ಗೇಟಿನ ಚಿಲಕ ತೆಗೆದ.

“ಒಳಗೆ ಬನ್ನಿ. ಬಾಗಿಲು ಹಸಿ ಇದೆ, ಸ್ವಲ್ಪ ನೋಡ್ಕೊಂಡು.”

ಬೋಧಕರು ಕೋಟನ್ನು ಎದೆಗವಚಿಕೊಂಡರು. ಮೂವರೂ ಭುಜ ಓರೆ ಮಾಡಿ, ಒಬ್ಬೊಬ್ಬರಾಗಿ ಒಳಗೆ ಹೋದರು.